ಗೋಡೆ ಕೂಡಿತು, ರಸ್ತೆ ಕೂಡಲಿಲ್ಲ

ಬರೆಯದೆ ಬಹಳ ದಿನ ಆಯ್ತು. ಆಫೀಸು, ರಿಲೀಸು, ಮತ್ತೆ ರಿಲೀಸು... ಎಂದಿನ ನೆಪಗಳೇ, ಹೊಸದೇನಿಲ್ಲ :) ಆದರೆ ದೀಪಾವಳಿಗೆ ಊರಿಗೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಚಹಾ ಇಟ್ಟುಕೊಂಡು ಓದಿ.

ನಮ್ಮದು ವಿಜಾಪುರ. 2014ರ ನವೆಂಬರ್ 1ರಿಂದ ಕಾಗದದಲ್ಲಿ ವಿಜಯಪುರ ಆಗಿದೆ, ಬಾಯಲ್ಲಿ ಇನ್ನೂ ವಿಜಾಪುರವೇ. ಅಪ್ಪನ ಊರು ಟಿಕೋಟಾ ಕಡೆ, ಅವ್ವನ ತವರು ಬಬಲೇಶ್ವರ. ನಗರದಿಂದ ಟಿಕೋಟಾಕ್ಕೆ ಹೋಗುವ ರಸ್ತೆಗೆ ಹೊಂದಿಕೊಂಡು ಕಾಕಾನ ಪಾಲಿಗೆ ಬಂದ ನಾಲ್ಕು ಎಕರೆ ಹೊಲ ಇದೆ. ಅದರ ಎಡಕ್ಕೆ ಈಗಾಗಲೇ ಒಂದು ಲೇಔಟ್ ಎದ್ದಿದೆ. ಬಲಕ್ಕೆ ಇನ್ನೊಬ್ಬರ ಮೂರು ಎಕರೆ, ಹಿಂದೆ ಮತ್ತೊಬ್ಬರ ನಾಲ್ಕು ಎಕರೆ. ಹಿಂದಿನ ಹೊಲಕ್ಕೆ ಡಾಂಬರು ರಸ್ತೆ ಇಲ್ಲ. ಕಾಕಾನ ಬದುವಿನ ಮೇಲೆ ಚಕ್ಕಡಿ ಹೋಗುವಷ್ಟು ದಾರಿ, ಅದೂ ರೂಢಿಯಿಂದ ಬಂದದ್ದು.

ಹಬ್ಬದ ಮರುದಿನ ಕಾಕಾ ಹೊಲಕ್ಕೆ ಕರೆದುಕೊಂಡು ಹೋದ.

"ತಮ್ಮಾ, ನೀ ಇಂಜಿನಿಯರಿಂಗ್ ಕಲತಾಂವ. ಎಲ್ಲಾರೂ ಎನ್‌ಎ ಮಾಡಸು, ಪ್ಲಾಟ ಹಾಕು ಅನ್ನಾಕ ಹತ್ಯಾರ. ಮಾಡಸೂಣೋ ಬ್ಯಾಡೋ?"

"ಕಾಕಾ, ನಾ ಕಂಪ್ಯೂಟರ್ ಇಂಜಿನಿಯರ್..."

"ಎಲ್ಲಾ ಒಂದ ಅಲ್ಲೇನ? ನಕಾಶಿ ನೋಡಾಕ ಬರ್ತದಿಲ್ಲೊ?"

ನಕಾಶೆ ನೋಡಿದೆ. ಎಡಗಡೆ ಲೇಔಟಿನ ಮೂವತ್ತು ಅಡಿ ರಸ್ತೆ ನೇರ ಬಂದು ಒಂದು ಕಾಂಪೌಂಡ್ ಗೋಡೆಗೆ ಮುಗಿಯುತ್ತದೆ. ಗೋಡೆಯ ಆಚೆ ಕಾಕಾನ ಜೋಳ. ಕಾಕಾನ ಮಗಳು, ಅಂದರೆ ನನ್ನ ತಂಗಿ, ಅದೇ ಲೇಔಟಿನಲ್ಲಿ ಮನೆ ಮಾಡಿದ್ದಾಳೆ. ಲೇಔಟಿನ ಇನ್ನೊಂದು ಮಗ್ಗುಲಿಗೂ ಇಂಥದೇ ಗೋಡೆ, ಅದರಾಚೆ ಮತ್ತೊಂದು ಲೇಔಟ್. ಅವಳ ಮಗನ ಶಾಲೆ ಇರುವುದು ಅಲ್ಲಿ. ಶಾಲೆಯ ಗಂಟೆ ಅವಳ ಮನೆಗೆ ಕೇಳಿಸುತ್ತದೆ. ಆದರೆ ಹುಡುಗ ಹೋಗಬೇಕಾದರೆ ಹೆದ್ದಾರಿಗೆ ಬಂದು, ಲಾರಿಗಳ ನಡುವೆ ಸುತ್ತು ಹಾಕಿ, ಆ ಲೇಔಟಿನ ಗೇಟಿನಿಂದ ಒಳಗೆ ಹೋಗಬೇಕು. ಎರಡೂ ಲೇಔಟಿಗೆ ಮಂಜೂರಾತಿ ಇದೆ, ಎರಡರಲ್ಲೂ ಒಳ್ಳೆಯ ರಸ್ತೆ ಇವೆ. ಒಂದಕ್ಕೊಂದು ಕೂಡಿಲ್ಲ, ಅಷ್ಟೇ.

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಪ್ರತಿ ಮಾಡ್ಯೂಲ್ ಪಾಸ್, ಇಂಟಿಗ್ರೇಶನ್ ಫೇಲ್ :(

ಇದು ಯಾಕೆ ಹೀಗೆ? ಬೇರೆ ದೇಶಗಳಲ್ಲೂ ಹೀಗೆಯೇ? ಬೆಂಗಳೂರಿಗೆ ವಾಪಸ್ ಬಂದು ಎರಡು ತಿಂಗಳು ರಾತ್ರಿ ಕೂತು ಓದಿದೆ. ಓದುತ್ತಾ ಓದುತ್ತಾ ಜರ್ಮನಿ, ಜಪಾನ್ ಎಲ್ಲಾ ಸುತ್ತಿ ಕೊನೆಗೆ ನಮ್ಮ ಕೋಟೆ ಗೋಡೆಗೇ ಬಂದು ನಿಂತೆ.

*

ಮೊದಲು ಆ ಗೋಡೆ. ವಿಜಾಪುರದ ಹೊರಗೋಡೆಯನ್ನು ಮುಗಿಸಿದ್ದು ಒಂದನೇ ಅಲಿ ಆದಿಲ್ ಶಾಹ, 1565ರ ಸುಮಾರಿಗೆ, ರಕ್ಕಸಗಿ-ತಂಗಡಗಿ ಯುದ್ಧದ ಕಾಲ. ಸುತ್ತಳತೆ ಸುಮಾರು ಹತ್ತು ಕಿಲೋಮೀಟರ್. ಮಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಮಂಗೋಳಿ ಅಂತ ಐದು ಮುಖ್ಯ ದರ್ವಾಜಾಗಳು. ಔರಂಗಜೇಬ 1686ರಲ್ಲಿ ಗೆದ್ದು ಒಳಗೆ ಬಂದ ಮೇಲೆ ಮಂಗೋಳಿ ದರ್ವಾಜಾಕ್ಕೆ ಫತೇ ದರ್ವಾಜಾ ಅಂತ ಹೆಸರಾಯಿತು.

ಸಣ್ಣವರಿದ್ದಾಗ ಗೋಡೆಗುಂಟ ಸೈಕಲ್ ಹೊಡೆಯುವಾಗ ಒಂದು ಗಮನಿಸುತ್ತಿದ್ದೆವು: ಗೋಡೆ ಎಲ್ಲಾ ಕಡೆ ಒಂದೇ ಥರ ಇಲ್ಲ. ಕೆಲವು ಕಡೆ ಕಲ್ಲುಕೆಲಸ ಅಚ್ಚುಕಟ್ಟು, ಕೆಲವು ಕಡೆ ಒರಟು. ಇದಕ್ಕೆ ಹಿಂದಿನಿಂದ ಹೇಳಿಕೊಂಡು ಬಂದ ಕಾರಣ ಸ್ವಾರಸ್ಯಕರ. ಸುಲ್ತಾನ ಗೋಡೆಯನ್ನು ತುಂಡು ತುಂಡಾಗಿ ಹಂಚಿ ಒಬ್ಬೊಬ್ಬ ಸರದಾರನಿಗೆ ಒಂದೊಂದು ತುಂಡು ಕಟ್ಟಲು ಹೇಳಿದನಂತೆ. ಒಬ್ಬೊಬ್ಬರ ಕೈಗುಣ ಒಂದೊಂದು ಥರ. ಅಂದರೆ ಇವತ್ತಿನ ಲೇಔಟ್‌ಗಳ ಹಾಗೆಯೇ ಗುತ್ತಿಗೆ ಬೇರೆ ಬೇರೆ, ಗುಣಮಟ್ಟವೂ ಬೇರೆ ಬೇರೆ. ಆದರೆ ಒಬ್ಬ ಸರದಾರನ ತುಂಡು ಇನ್ನೊಬ್ಬನ ತುಂಡಿಗೆ ಕೂಡಲೇಬೇಕು, ಇಲ್ಲದಿದ್ದರೆ ಅದು ಕೋಟೆಯೇ ಅಲ್ಲ. ಕೂಡುವ ಗೆರೆಯನ್ನು ಮಾತ್ರ ಸರದಾರರಿಗೆ ಬಿಟ್ಟಿರಲಿಲ್ಲ.

ಹಾಗಂತ ರಾಜನ ಗೆರೆ ಯಾವಾಗಲೂ ಗೆಲ್ಲುತ್ತದೆ ಅಂತಲ್ಲ. ಅದಕ್ಕೆ ಸಾಕ್ಷಿ ಟಿಕೋಟಾ ರಸ್ತೆಯ ಕಡೆಯೇ ಇದೆ. ನಗರದಿಂದ ಪಶ್ಚಿಮಕ್ಕೆ ಐದಾರು ಕಿಲೋಮೀಟರಿಗೆ ತೊರವಿ. ಎರಡನೇ ಇಬ್ರಾಹಿಂ ಆದಿಲ್ ಶಾಹ ಇಲ್ಲಿ 1599ರಲ್ಲಿ ನವರಸಪುರ ಅಂತ ಹೊಸ ರಾಜಧಾನಿಯನ್ನೇ ಶುರು ಮಾಡಿದ. ಸಂಗೀತಪ್ರೇಮಿ ದೊರೆ, "ನವರಸ" ಎಂಬ ಶಬ್ದದ ಮೇಲೆ ಅವನಿಗೆ ವಿಪರೀತ ಪ್ರೀತಿ. ತಾನು ಬರೆದ ಹಾಡುಗಳ ಪುಸ್ತಕಕ್ಕೂ ಅದೇ ಹೆಸರಿಟ್ಟ. ದೇಶದ ಮೂಲೆ ಮೂಲೆಯಿಂದ ಕಲ್ಲುಕುಟಿಗರು ಬಂದರು, ಸರದಾರರಿಗೆ ಮನೆ ಕಟ್ಟಲು ಹೇಳಿದರು. ಆದರೆ ಸುತ್ತುಗೋಡೆ ಪೂರ್ತಿ ಆಗಲೇ ಇಲ್ಲ. 1624ರಲ್ಲಿ ಮಲಿಕ್ ಅಂಬರ್ ದಂಡೆತ್ತಿ ಬಂದು ಲೂಟಿ ಮಾಡಿ ಹಾಳುಗೆಡವಿದ. ಇವತ್ತು ಅಲ್ಲಿ ಸಂಗೀತ ಮಹಲ್ ಮತ್ತು ಕೆಲವು ಅವಶೇಷಗಳು ಉಳಿದಿವೆ.

ಅದೇ ತೊರವಿಯಲ್ಲಿ ಹೆಚ್ಚು ಗದ್ದಲ ಮಾಡದ ಇನ್ನೊಂದು ಕೆಲಸ ಆಗಿತ್ತು: ಸುರಂಗ ಬಾವಡಿ. ಅಲ್ಲಿಂದ ನೆಲದೊಳಗೆ ಕಾಲುವೆ ಕೊರೆದು ನಗರಕ್ಕೆ ನೀರು ತಂದರು. ನಡುನಡುವೆ ಗಾಳಿಗೆ, ಹೂಳು ತೆಗೆಯಲು ಬಾವಿಯಂಥ ಕಿಂಡಿಗಳು. ನಗರದೊಳಗೆ ನೀರಿನ ಒತ್ತಡ ತಗ್ಗಿಸಲು ಗಂಜ್ ಅನ್ನುವ ಕಲ್ಲಿನ ಗೋಪುರಗಳು. 1651ರಲ್ಲಿ ಬೇಗಂ ತಲಾಬ್ ಬಂತು. ಬಬಲೇಶ್ವರದ ಕಡೆ ಮಮದಾಪುರದ ದೊಡ್ಡ ಕೆರೆಗಳೂ ಮುಹಮ್ಮದ್ ಆದಿಲ್ ಶಾಹನ ಕಾಲದವೇ. ನನಗೆ ಅನಿಸಿದ್ದು ಇಷ್ಟು: ಆ ಕಾಲದ ನಿಜವಾದ ಯೋಜನೆ ಇದ್ದದ್ದು ಅರಮನೆಗಳಲ್ಲಲ್ಲ, ಗೋಡೆ ಮತ್ತು ನೀರಿನಲ್ಲಿ. ಅಂದರೆ ಯಾವ ಒಬ್ಬನೂ ತನ್ನ ಜಾಗದಲ್ಲಿ ಒಬ್ಬನೇ ಮಾಡಿ ಮುಗಿಸಲಾರದ ಕೆಲಸಗಳಲ್ಲಿ.

*

1686ರ ನಂತರ ನಗರ ಖಾಲಿಯಾಗುತ್ತಾ ಹೋಯಿತು. ಕೋಟೆಯ ಒಳಗೇ ಹೊಲ ಹೂಡುವ ಕಾಲ ಬಂತು. ಈಗ ಬರುತ್ತದೆ ಕಾಕಾನ ಹೊಲಕ್ಕೆ ನೇರ ಸಂಬಂಧಪಟ್ಟ ಗೆರೆ.

ಮುಂಬಯಿ ಪ್ರಾಂತ್ಯದಲ್ಲಿ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಗಳು 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಹೊಲ ಹೊಲವನ್ನೂ ಅಳೆದು ಕಂದಾಯ ಕಟ್ಟುವ ಪದ್ಧತಿ ಶುರು ಮಾಡಿದರು. ಮುಂದಿನ ದಶಕಗಳಲ್ಲಿ ಅದು ನಮ್ಮ ಭಾಗಕ್ಕೂ ಬಂತು. ಸರ್ವೇ ನಂಬರ್, ಬಾಂದಕಲ್ಲು, ಉತಾರ, ಹಿಸ್ಸಾ ಎಲ್ಲವೂ ಆ ಪದ್ಧತಿಯ ಮಕ್ಕಳು. ಜನ ವಾಸ ಮಾಡುವ ಜಾಗ ಗಾವಠಾಣ, ಉಳಿದದ್ದು ಹೊಲ. ಆಮೇಲೆ 1879ರ ಮುಂಬಯಿ ಭೂಕಂದಾಯ ಸಂಹಿತೆ ಬಂತು. ಹೊಲವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸಬೇಕಾದರೆ ಕಲೆಕ್ಟರರ ಅಪ್ಪಣೆ ಬೇಕು ಅಂತಾಯಿತು. ನಮ್ಮ ಕಡೆ ಹಳ್ಳಿ ಹಳ್ಳಿಯ ಬಾಯಲ್ಲಿರುವ "ಎನ್‌ಎ" ಇದೇ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಅದು ಮುಂದುವರಿಯಿತು. ನಿಯಮಗಳಿಗೆ ತಿದ್ದುಪಡಿ ಬಂದಿವೆ, ಮೂಲ ಬೇರು ಅದೇ.

ಆ ಬೇರು ಕಂದಾಯದ್ದು ಅನ್ನೋದನ್ನ ಗಮನಿಸಿ. ಬಳಕೆ ಬದಲಾದರೆ ಆಕಾರ ಬದಲಾಗಬೇಕು, ಅದಕ್ಕೆ ಅಪ್ಪಣೆ. "ಈ ಹೊಲಕ್ಕೂ ಪಕ್ಕದ ಹೊಲಕ್ಕೂ ರಸ್ತೆ ಹೇಗೆ ಕೂಡುತ್ತದೆ?" ಎಂಬ ಪ್ರಶ್ನೆಗಾಗಿ ಹುಟ್ಟಿದ ಕಾನೂನು ಅದಲ್ಲ. ಅರ್ಜಿ ಬರುವುದು ಸರ್ವೇ ನಂಬರಿನ ಲೆಕ್ಕದಲ್ಲಿ, ಆದೇಶ ಹೋಗುವುದೂ ಅದೇ ಲೆಕ್ಕದಲ್ಲಿ. ಹೊಲದ ಆಕಾರವೇ ಊರಿನ ಆಕಾರವಾಗುವುದು ಹೀಗೆ. ಜಿಲ್ಲಾ ಕೇಂದ್ರ 1885ರಲ್ಲಿ ಕಲಾದಗಿಯಿಂದ ವಿಜಾಪುರಕ್ಕೆ ಬಂತು, ಅರಕಿಲ್ಲಾದ ಹಳೆಯ ಮಹಲುಗಳಲ್ಲಿ ಕಚೇರಿಗಳು ಕೂತವು, ರೈಲೂ ಬಂದಿತ್ತು. ಊರು ಮತ್ತೆ ಬೆಳೆಯತೊಡಗಿತು. 2011ರ ಜನಗಣತಿಯ ಹೊತ್ತಿಗೆ ಮೂರೂಕಾಲು ಲಕ್ಷ ದಾಟಿತ್ತು.

*

ಈಗ ಹೊರದೇಶಗಳ ಕಡೆ ಒಂದು ಸುತ್ತು. ಪ್ರತಿ ದೇಶಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಕಾಕಾ ಅಲ್ಲಿ ಹುಟ್ಟಿದ್ದರೆ ಅವನ ಹೊಲದ ಗತಿ ಏನು?

ಇಂಗ್ಲೆಂಡಿನಲ್ಲಿ 1947ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಹೊಲ ಕಾಕಾನದೇ, ಆದರೆ ಅದನ್ನು ಬಡಾವಣೆ ಮಾಡುವ ಹಕ್ಕು ಸರಕಾರದ್ದು. ಸ್ಥಳೀಯ ಕೌನ್ಸಿಲ್ ಅನುಮತಿ ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಅನುಮತಿಯಿಂದ ಹೊಲದ ಬೆಲೆ ಏರಿದರೆ ಆ ಏರಿಕೆ ಪೂರ್ತಿ ಸರಕಾರಕ್ಕೆ ಅಂತಲೂ ಮೊದಲು ಇತ್ತು. 1953ರಲ್ಲಿ ಅದನ್ನು ಕೈಬಿಟ್ಟರು. ನಕಾಶೆ ಇರುತ್ತದೆ, ಆದರೆ ಪ್ರತಿ ಅರ್ಜಿಯನ್ನೂ ಬಿಡಿಯಾಗಿ ತೂಗಿ ನೋಡುತ್ತಾರೆ.

ಅಮೆರಿಕದ ದಾರಿ ಉಲ್ಟಾ. 1916ರಲ್ಲಿ ನ್ಯೂಯಾರ್ಕ್ ಇಡೀ ನಗರವನ್ನು ವಲಯಗಳಾಗಿ ವಿಂಗಡಿಸಿತು, 1926ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಯೂಕ್ಲಿಡ್ ಎಂಬ ಸಣ್ಣ ಊರಿನ ಮೊಕದ್ದಮೆಯಲ್ಲಿ ವಲಯ ಪದ್ಧತಿಯನ್ನು ಎತ್ತಿಹಿಡಿಯಿತು. ವಲಯದ ನಿಯಮ ಪಾಲಿಸಿದರೆ ಕಟ್ಟುವುದು ಹಕ್ಕು. ಆದರೆ ವಲಯ ಅನ್ನುವುದು ಏನು ಕಟ್ಟಬಹುದು ಅಂತ ಹೇಳುತ್ತದೆಯೇ ಹೊರತು ಅದರಷ್ಟಕ್ಕೆ ಎರಡು ಹೊಲಗಳ ರಸ್ತೆಯನ್ನು ಕೂಡಿಸುವುದಿಲ್ಲ.

ನೆದರ್ಲೆಂಡ್ಸ್ 1901ರಲ್ಲೇ ವಸತಿ ಕಾಯ್ದೆ ಮಾಡಿ, ಹತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ಊರುಗಳು ತಾವು ಮುಂದೆ ಬೆಳೆಯುವ ಕಡೆಗೆ ರಸ್ತೆ ಗೆರೆಗಳನ್ನು ಮೊದಲೇ ಎಳೆದಿಡಬೇಕು ಅಂದಿತು. ಹತ್ತು ಸಾವಿರ! ಈ ಲೆಕ್ಕ ಹಿಡಿದರೆ ನಮ್ಮ ಎಷ್ಟೋ ಹೋಬಳಿ ಊರುಗಳು ಇಷ್ಟೊತ್ತಿಗೆ ನಕಾಶೆ ಮಾಡಿ ಮುಗಿಸಬೇಕಿತ್ತು.

ಜರ್ಮನಿಯ ಕಥೆಯಲ್ಲಿ ಮಾತ್ರ ನನಗೆ ಕಾಕಾ ಕಣ್ಣಿಗೆ ಕಟ್ಟಿದಂತೆ ಕಂಡ. ಫ್ರಾಂಕ್‌ಫರ್ಟ್ ಸುತ್ತಲಿನ ಹೊಲಗಳು ತಲೆಮಾರುಗಳಿಂದ ಅಣ್ಣತಮ್ಮಂದಿರ ಪಾಲಾಗಿ ಪಟ್ಟಿಯಂತೆ ಸೀಳಿ ಹೋಗಿದ್ದವು. ನಮ್ಮ ವಾಟಣಿಯ ಹಾಗೆಯೇ! ಅಂಥ ಪಟ್ಟಿಯಲ್ಲಿ ಮನೆಯೂ ಆಗದು, ರಸ್ತೆಯೂ ಆಗದು. ಅಲ್ಲಿನ ಮೇಯರ್ ಫ್ರಾಂಝ್ ಆಡಿಕೆಸ್ ಹಟ ಹಿಡಿದು 1902ರಲ್ಲಿ ಒಂದು ಕಾನೂನು ತಂದ. ಎಲ್ಲರ ಹೊಲಗಳನ್ನೂ ಕಾಗದದ ಮೇಲೆ ಒಂದೇ ರಾಶಿಗೆ ಹಾಕು. ರಾಶಿಯಿಂದ ಮೊದಲು ರಸ್ತೆ, ಮೈದಾನ ತೆಗೆ. ಉಳಿದದ್ದನ್ನು ಅಚ್ಚುಕಟ್ಟು ನಿವೇಶನ ಮಾಡಿ, ಹಾಕಿದವರಿಗೇ ಅವರವರ ಪಾಲಿನಂತೆ ತಿರುಗಿ ಕೊಡು. ಜಾಗ ಕಡಿಮೆ ಆಗುತ್ತದೆ, ಬೆಲೆ ಹೆಚ್ಚಾಗುತ್ತದೆ, ಯಾರೂ ಊರು ಬಿಡಬೇಕಿಲ್ಲ.

ಜಪಾನಿನಲ್ಲಿ ಇದೇ ಉಪಾಯ ಗದ್ದೆಯಿಂದಲೇ ಹುಟ್ಟಿತು. ವಕ್ರವಕ್ರ ಬದುಗಳನ್ನು ಸರಿಪಡಿಸಲು 1899ರಲ್ಲಿ ರೈತರಿಗಾಗಿ ಮಾಡಿದ ಕಾನೂನನ್ನು ನಗರಗಳೂ ಹಿಡಿದುಕೊಂಡವು. 1923ರ ಭೂಕಂಪದಲ್ಲಿ ಸುಟ್ಟು ಹೋದ ಟೋಕಿಯೋದ ಭಾಗಗಳನ್ನು ಹೀಗೆಯೇ ಮತ್ತೆ ಜೋಡಿಸಿದರು. 1954ರಲ್ಲಿ ಅದಕ್ಕೆ ಪ್ರತ್ಯೇಕ ಕಾಯ್ದೆಯೇ ಬಂತು.

*

ಇಲ್ಲಿಗೆ ಬಂದಾಗ "ಆಹಾ, ಜರ್ಮನಿ! ಜಪಾನ್! ನಮ್ಮಲ್ಲಿ ಎಲ್ಲಿ ಬರಬೇಕು" ಅಂತ ಎಂದಿನ ನಿಟ್ಟುಸಿರು ಬಿಡೋಣ ಅಂತಿದ್ದೆ. ಮುಂದೆ ಓದಿದರೆ ಬಂದಿತ್ತು ಕಣ್ರೀ!

ಮುಂಬಯಿ ಸರಕಾರ 1915ರಲ್ಲಿ ಟೌನ್ ಪ್ಲಾನಿಂಗ್ ಕಾಯ್ದೆ ಮಾಡಿತು. ಭಾರತದಲ್ಲಿ ಇಂಥದು ಅದೇ ಮೊದಲು. ಹೆಸರು ಮತ್ತು ಹೊರಚೌಕಟ್ಟು ಇಂಗ್ಲೆಂಡಿನ 1909ರ ಕಾಯ್ದೆಯದು, ಒಳಗಿನ ಜೀವ ಜರ್ಮನಿಯ ಆ ರಾಶಿ ಹಾಕಿ ಹಂಚುವ ಪದ್ಧತಿ. ಆಗ ವಿಜಾಪುರ ಜಿಲ್ಲೆ ಯಾವ ಪ್ರಾಂತ್ಯದಲ್ಲಿತ್ತು? ಮುಂಬಯಿಯಲ್ಲೇ! ಅಂದರೆ ಫ್ರಾಂಕ್‌ಫರ್ಟಿನ ಉಪಾಯ ಕಾನೂನಾಗಿ ಹದಿಮೂರೇ ವರ್ಷಕ್ಕೆ ನಮ್ಮ ಪ್ರಾಂತ್ಯದ ಕಾನೂನು ಪುಸ್ತಕಕ್ಕೆ ಬಂದಿತ್ತು. 1954ರ ಹೊಸ ಕಾಯ್ದೆಯಲ್ಲೂ ಉಳಿಯಿತು, ಜೊತೆಗೆ ಇಡೀ ಊರಿಗೆ ಅಭಿವೃದ್ಧಿ ನಕಾಶೆ ಬೇಕು ಅಂತಲೂ ಸೇರಿತು.

ಆಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಗುಜರಾತ್ ಆ ಪದ್ಧತಿಯನ್ನು ಬಿಡಲಿಲ್ಲ. 1976ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡು ಅಹಮದಾಬಾದನ್ನು ಒಂದಾದ ಮೇಲೊಂದು ಟೌನ್ ಪ್ಲಾನಿಂಗ್ ಸ್ಕೀಮುಗಳಿಂದ ಬೆಳೆಸುತ್ತಾ ಬಂತು. ನಾವು 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. 1961ರಲ್ಲಿ ಮೈಸೂರು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಆಯಿತು, 1965ರಲ್ಲಿ ಜಾರಿಗೆ ಬಂತು. ತಮಾಷೆ ಏನಂದರೆ ಆ ಕಾಯ್ದೆಯಲ್ಲೂ ಈ ಸ್ಕೀಮುಗಳ ಅಧ್ಯಾಯ ಇದೆ. ಪುಸ್ತಕದಲ್ಲಿದೆ, ಬಳಸಿದ್ದು ಅಪರೂಪ. ನಮ್ಮಲ್ಲಿ ರೂಢಿಗೆ ಬಂದದ್ದು ಎರಡು ದಾರಿ: ಪ್ರಾಧಿಕಾರ ಜಮೀನು ಸ್ವಾಧೀನ ಮಾಡಿ ಬಡಾವಣೆ ಮಾಡುವುದು, ಇಲ್ಲವೇ ಖಾಸಗಿಯವರು ಹೊಲ ಹೊಲಕ್ಕೆ ಎನ್‌ಎ ಮಾಡಿಸಿ ಲೇಔಟ್ ಹಾಕುವುದು. ಸಾಫ್ಟ್‌ವೇರಿನವರಿಗೆ ಗೊತ್ತಿರುವ ಕಥೆ: ಫಂಕ್ಷನ್ ಬರೆದಿದೆ, ಯಾರೂ ಕಾಲ್ ಮಾಡಿಲ್ಲ :)

"ಜಮೀನು ಬಿಡಬೇಕಲ್ಲ, ಅದಕ್ಕೇ ರೈತರು ಒಪ್ಪಲ್ಲ" ಅಂತ ನೀವು ಹೇಳಬಹುದು. ನಾನೂ ಹಾಗೇ ತಿಳಿದಿದ್ದೆ. ಆದರೆ ಲೆಕ್ಕ ನೋಡಿ. ಕಾಕಾ ಒಬ್ಬನೇ ಕ್ರಮಬದ್ಧವಾಗಿ ಲೇಔಟ್ ಮಾಡಿಸಿದರೂ ರಸ್ತೆ, ಉದ್ಯಾನ, ಸಾರ್ವಜನಿಕ ಸೌಲಭ್ಯಕ್ಕೆ ಅಂತ ಹೆಚ್ಚುಕಡಿಮೆ ಅರ್ಧದ ಹತ್ತಿರ ಜಾಗ ಬಿಡಲೇಬೇಕು. ರಾಶಿ ಹಾಕುವ ಪದ್ಧತಿಯಲ್ಲಿ ಶೇ. 40 ಬಿಟ್ಟ ಅಂತಿಟ್ಟುಕೊಳ್ಳಿ. ನಾಲ್ಕು ಎಕರೆ ಅಂದರೆ 160 ಗುಂಟೆ. ಅವನಿಗೆ ತಿರುಗಿ ಸಿಗುವುದು 96 ಗುಂಟೆ. ಬಿಡುವುದು ಎರಡರಲ್ಲೂ ಇದೆ. ವ್ಯತ್ಯಾಸ ಇಷ್ಟೇ: ಒಂದರಲ್ಲಿ ಬಿಟ್ಟ ಜಾಗ ಗೋಡೆಗೆ ಮುಗಿಯುವ ರಸ್ತೆಯಾಗುತ್ತದೆ, ಇನ್ನೊಂದರಲ್ಲಿ ಊರಿಗೆ ಕೂಡುವ ರಸ್ತೆಯಾಗುತ್ತದೆ. ನಮ್ಮ ಭಾಗದ ರೈತ ಊರಿಗಾಗಿ ಜಮೀನು ಬಿಡುತ್ತಲೇ ಇದ್ದಾನೆ, ಊರಿಗೆ ರಸ್ತೆ ಮಾತ್ರ ಸಿಗುತ್ತಿಲ್ಲ.

ಇದರಲ್ಲಿ ಅಪಾಯ ಇಲ್ಲವೇ? ಇದೆ. ಆಂಧ್ರದ ಅಮರಾವತಿಗಾಗಿ 2015ರಲ್ಲಿ ರೈತರು 33 ಸಾವಿರಕ್ಕೂ ಹೆಚ್ಚು ಎಕರೆಯನ್ನು ಹೀಗೇ ರಾಶಿಗೆ ಹಾಕಿದರು. 2019ರಲ್ಲಿ ಸರಕಾರ ಬದಲಾಗಿ ಕೆಲಸ ನಿಂತಿತು. 2024ರಲ್ಲಿ ಮತ್ತೆ ಸರಕಾರ ಬದಲಾದ ಮೇಲೆಯೇ ಚಾಲನೆ ಸಿಕ್ಕಿದ್ದು. ನಡುವೆ ಐದು ವರ್ಷ ಆ ರೈತರ ಹೊಲವೂ ಇಲ್ಲ, ನಿವೇಶನವೂ ಇಲ್ಲ. ನಂಬಿಕೆ ಇಲ್ಲದ ಕಡೆ ರಾಶಿ ಹಾಕುವುದು ಸುಲಭದ ಮಾತಲ್ಲ. ಅದಕ್ಕೇ ನನಗೆ ಅನಿಸುವುದು, ಮೂವತ್ತು ಸಾವಿರ ಎಕರೆ ಬೇಡ, ಹತ್ತು ಎಕರೆಯಿಂದ ಶುರುವಾಗಲಿ.

ಟಿಕೋಟಾ, ಬಬಲೇಶ್ವರಕ್ಕೆ ಇದು ಈಗಲೇ ಬೇಕು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲಿ ಎರಡೂ ಇದ್ದವು. ತಾಲೂಕು ಅಂದಮೇಲೆ ಕಚೇರಿ, ಕಚೇರಿ ಅಂದಮೇಲೆ ಮನೆ, ಅಂಗಡಿ. ಏತ ನೀರಾವರಿಯಿಂದ ಕೃಷ್ಣೆಯ ನೀರೂ ಆ ಕಡೆ ಬಂದಿದೆ, ದ್ರಾಕ್ಷಿ ಇದೆ, ಹೊಲದ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ವಿಜಾಪುರದಲ್ಲಿ ಕೈಮೀರಿದ್ದನ್ನು ಈ ಎರಡು ಊರುಗಳಲ್ಲಿ ಇನ್ನೂ ಹಿಡಿಯಬಹುದು. ಅಲ್ಲಿ ಗೋಡೆಗಳು ಎದ್ದಿಲ್ಲ, ಬಹಳ ಕಡೆ ಇನ್ನೂ ಬದುಗಳೇ ಇವೆ.

*

ಇನ್ನು ಕಾಕಾನ ವಿಷಯ. ಮೊನ್ನೆ ಫೋನಿನಲ್ಲಿ ಇಷ್ಟನ್ನೂ ಹೇಳಿದೆ. ನೀನೊಬ್ಬನೇ ಮಾಡಿಸಬೇಡ, ಹಿಂದಿನವರನ್ನೂ ಬಲಗಡೆಯವರನ್ನೂ ಕೂಡಿಸಿಕೊಂಡು ಹನ್ನೊಂದು ಎಕರೆಗೆ ಒಂದೇ ನಕಾಶೆ ಮಾಡಿಸು, ಒಂದು ಅಗಲ ರಸ್ತೆ ಹಿಂದಿನ ಹೊಲದ ತನಕ ಹೋಗಲಿ, ಎಡಗಡೆ ಲೇಔಟಿನ ರಸ್ತೆಗೂ ಕೂಡಲಿ ಅಂದೆ.

ನಾಲ್ಕು ದಿನ ಬಿಟ್ಟು ಕಾಕಾನೇ ಫೋನ್ ಮಾಡಿದ. "ಹಿಂದಿನಾಂವ ಹೂಂ ಅಂದಾನ. ಅಂವಗ ದಾರಿ ಸಿಗತದಲ್ಲ, ಯಾಕ ಬ್ಯಾಡ ಅಂತಾನ? ಬಲಗಡೆಯಾಂವ ಒಲ್ಲೆ ಅಂತಾನ. ನಂದು ರಸ್ತೆಕ್ಕ ಹತ್ತಿದ ಹೊಲ, ಹಿಂದಿನಾಂವ್ನ ಹೊಲದ ಸಮ ಹೆಂಗ ಆಗ್ತದ ಅಂತಾನ."

ಅವರು ಹೇಳುವುದರಲ್ಲೂ ನ್ಯಾಯ ಇದೆ. ರಾಶಿಗೆ ಹಾಕಿದ ಜಾಗವನ್ನು ಅಳತೆಯಿಂದ ಹಂಚಬೇಕೋ ಬೆಲೆಯಿಂದ ಹಂಚಬೇಕೋ ಅನ್ನುವುದು ಜರ್ಮನಿಯಲ್ಲೂ ಜಪಾನಿನಲ್ಲೂ ಎದ್ದ ಪ್ರಶ್ನೆಯೇ. ರಸ್ತೆ ಕಡೆಯ ಹೊಲದವರಿಗೆ ರಸ್ತೆ ಕಡೆಯೇ ನಿವೇಶನ ಬರೆದುಕೊಡಿ, ಆಗ ಕೇಳಿ ನೋಡಿ ಅಂದಿದ್ದೇನೆ. ಸಂಕ್ರಾಂತಿಗೆ ಹೋದಾಗ ನಾನೂ ಅವರ ಮನೆಗೆ ಹೋಗಿ ಕೂತು ಮಾತಾಡಬೇಕು. ಲ್ಯಾಪ್‌ಟಾಪಿನಲ್ಲಿ ಮೂರು ಥರದ ನಕಾಶೆ ಮಾಡಿಟ್ಟಿದ್ದೇನೆ. ಕಂಪ್ಯೂಟರ್ ಇಂಜಿನಿಯರ್ ಕಡೆಗೂ ಕಾಕಾನ ಉಪಯೋಗಕ್ಕೆ ಬಂದ :)

ಎಡಗಡೆ ಲೇಔಟಿನ ಗೋಡೆ ಒಡೆಯಲು ಅಲ್ಲಿನ ನಿವಾಸಿಗಳು ಒಪ್ಪಬೇಕು. ಅದು ತಂಗಿಯ ಪಾಲಿನ ಕೆಲಸ. ಅವಳು ಸಹಿ ಮಾಡಿಸುತ್ತಾ ಮನೆ ಮನೆ ತಿರುಗುತ್ತಿದ್ದಾಳೆ. ಶಾಲೆ ಕಡೆಯ ಗೋಡೆಯದೂ ಅದೇ ಅರ್ಜಿಯಲ್ಲಿ ಸೇರಿಸಿದ್ದಾಳೆ. ಹದಿನೇಳು ಮನೆ ಆಗಿದೆಯಂತೆ, ಇನ್ನೂ ಇಪ್ಪತ್ತಾರು ಬಾಕಿ.

ನಿಮ್ಮ ಊರಿನ ಲೇಔಟುಗಳು ಒಂದಕ್ಕೊಂದು ಕೂಡಿವೆಯೇ? ಎಲ್ಲಾದರೂ ಅಕ್ಕಪಕ್ಕದ ಹೊಲದವರು ತಾವೇ ಕೂತು ಒಂದೇ ನಕಾಶೆ ಮಾಡಿಸಿಕೊಂಡದ್ದು ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಸಂಕ್ರಾಂತಿಯೊಳಗೆ ಬರೆದರೆ ಇನ್ನೂ ಒಳ್ಳೆಯದು, ಬಲಗಡೆಯ ಹೊಲದವರಿಗೆ ಹೇಳಲು ನನಗೊಂದು ಉದಾಹರಣೆ ಬೇಕಾಗಿದೆ.